ಮಂಜೂರಾತಿಯ ಲೆಕ್ಕದ ಜೊತೆ ಮುಗಿದ ಚಿಕಿತ್ಸೆಯ ಲೆಕ್ಕವನ್ನೂ ಇಡಿ: ಕ್ಯಾನ್ಸರ್ ರೋಗಿಗಳ ಪರವಾಗಿ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕಾರ್ಯನಿರ್ವಾಹಕ ನಿರ್ದೇಶಕರು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್,
ಬೆಂಗಳೂರು

ಮಾನ್ಯರೇ,

ಕ್ಯಾನ್ಸರ್ ಆಸ್ಪತ್ರೆಗಳ ವಾರ್ಡು, ಡೇ ಕೇರ್ (ಚಿಕಿತ್ಸೆ ಪಡೆದು ಅದೇ ದಿನ ಮರಳುವ ವಿಭಾಗ), ವಿಕಿರಣ ಚಿಕಿತ್ಸಾ ವಿಭಾಗ ಮತ್ತು ವೈದ್ಯಕೀಯ ಸಮಾಜ ಕಾರ್ಯಕರ್ತರ ಕೊಠಡಿಗಳಲ್ಲಿ ದುಡಿಯುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಹೊಸ ಯಂತ್ರ, ಹೊಸ ಕಟ್ಟಡ ಇದರಲ್ಲಿ ಕೇಳಿಲ್ಲ. ಈಗಿರುವ ಯಂತ್ರ, ಔಷಧ, ವೈದ್ಯರಿಂದ ಬಡ ರೋಗಿಗೆ ಸಿಗಬೇಕಾದಷ್ಟು ಫಲ ಏಕೆ ಸಿಗುತ್ತಿಲ್ಲ, ಅದಕ್ಕೆ ಏನು ಮಾಡಬಹುದು ಎಂಬುದಷ್ಟೇ ಇಲ್ಲಿನ ವಿಷಯ.

ಸರ್ಕಾರ ಮಾಡಿರುವುದನ್ನು ನಾವು ಮರೆತಿಲ್ಲ. 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾಯಿತು. 2010ರ ಹೊತ್ತಿಗೆ ಬಡವರ ಉಚಿತ ಚಿಕಿತ್ಸೆಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಮೊತ್ತದ) ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಹೊಲ ಮಾರಿ ಆಪರೇಷನ್ ಮಾಡಿಸುತ್ತಿದ್ದ ಕಾಲ ಬಹುಮಟ್ಟಿಗೆ ಹಿಂದಾಗಿದೆ. ಆದರೆ ಪ್ಯಾಕೇಜ್ ಕೊಡುವುದು ಆಸ್ಪತ್ರೆಯ ಬಿಲ್ಲನ್ನು. ಚಿಕಿತ್ಸೆ ನಿಲ್ಲುವುದು ಬಿಲ್ಲಿನಾಚೆಯ ಕಾರಣಗಳಿಗೆ: ಬಸ್ಸು, ಕೂಲಿ, ಮಲಗುವ ಜಾಗ, ಗಂಜಿ, ರಕ್ತ, ಜ್ವರ, ರೇಷನ್ ಕಾರ್ಡಿನಲ್ಲಿಲ್ಲದ ಹೆಸರು. ಕ್ಯಾನ್ಸರ್‌ನಲ್ಲಿ ನಿಂತ ಚಿಕಿತ್ಸೆ ಅರ್ಧ ಫಲವನ್ನೂ ಕೊಡುವುದಿಲ್ಲ.

ಗರ್ಭಕೊರಳಿನ (ಗರ್ಭಕಂಠದ) ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಕಾಯಿಲೆ ಸ್ವಲ್ಪ ಬಲಿತಿದ್ದರೆ ಆಪರೇಷನ್ ಇಲ್ಲ. ವಾರಕ್ಕೆ ಐದು ದಿನದಂತೆ 25 ಸಿಟ್ಟಿಂಗ್ ಹೊರಗಿನಿಂದ ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕಿಮೊ ಔಷಧ, ಆಮೇಲೆ ಒಳಗಿನಿಂದ ಕೊಡುವ ಬ್ರೇಕಿಥೆರಪಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಲ. ಇಷ್ಟೂ 8 ವಾರಗಳೊಳಗೆ ಮುಗಿಯಬೇಕು. ಅವಧಿ ಮೀರಿದರೆ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಶೇ 1ರಷ್ಟರವರೆಗೆ ಕಡಿಮೆಯಾಗುತ್ತಾ ಹೋಗುತ್ತದೆ ಎಂಬುದು ವಿಕಿರಣ ಚಿಕಿತ್ಸೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಎರಡು ವಾರ ತಪ್ಪಿಸಿಕೊಂಡವರು ಎಷ್ಟು ಕಳೆದುಕೊಳ್ಳುತ್ತಾರೆ ಎಂದು ತಾವೇ ಲೆಕ್ಕ ಹಾಕಬಹುದು.

ಎಲ್ಲಿ ತಪ್ಪುತ್ತದೆ ಎಂಬುದೂ ಗೊತ್ತಿರುವುದೇ. ಹತ್ತು ಹದಿನೈದು ಸಿಟ್ಟಿಂಗ್ ಆಗುವಷ್ಟರಲ್ಲಿ ರಕ್ತಸ್ರಾವ ನಿಲ್ಲುತ್ತದೆ, ದುರ್ವಾಸನೆ ಹೋಗುತ್ತದೆ, ನೋವು ಇಳಿಯುತ್ತದೆ. ಮನೆಯಿಂದ ಫೋನ್ ಬರತೊಡಗುತ್ತದೆ. ಮಗುವಿಗೆ ಪರೀಕ್ಷೆ, ಎಮ್ಮೆ ಕರೆಯುವವರಿಲ್ಲ, ಸಂಘದ ಸಾಲದ ಕಂತು ಕಟ್ಟಬೇಕು. ಗುಣವಾಯಿತಲ್ಲ, ಇನ್ನೇನು ಎಂದು 25 ‘ಕರೆಂಟ್’ (ಹೊರಗಿನ ವಿಕಿರಣಕ್ಕೆ ರೋಗಿಗಳು ಹೇಳುವ ಹೆಸರು) ಮುಗಿಸಿದವರು ಊರಿಗೆ ಹೊರಡುತ್ತಾರೆ. ಬ್ರೇಕಿಥೆರಪಿಗೆ ಕೊಟ್ಟ ತಾರೀಕಿಗೆ ಬರುವುದಿಲ್ಲ. ಆ ಕೊನೆಯ ಹಂತವಿಲ್ಲದಿದ್ದರೆ ಗೆಡ್ಡೆಯ ನಡುಭಾಗಕ್ಕೆ ಬೇಕಾದಷ್ಟು ವಿಕಿರಣ ತಲುಪುವುದೇ ಇಲ್ಲ. ಹೊರಗಿನಿಂದ ಅಷ್ಟು ಕೊಡಹೋದರೆ ಪಕ್ಕದ ಮೂತ್ರಕೋಶ, ಕರುಳು ಸುಟ್ಟುಹೋಗುತ್ತವೆ. ಆರೆಂಟು ತಿಂಗಳಿಗೆ ಕಾಯಿಲೆ ಮರಳಿ ಬಂದಾಗ ಮತ್ತೆ ಅದೇ ಜಾಗಕ್ಕೆ ವಿಕಿರಣ ಕೊಡುವುದು ಬಹಳ ಕಷ್ಟ.

ಇದನ್ನು ರೋಗಿಯ ಅಜ್ಞಾನ ಎಂದು ಕೇಸ್ ಶೀಟಿನಲ್ಲಿ ಬರೆದುಬಿಡುವುದು ಸುಲಭ. ಲೆಕ್ಕ ಬೇರೆಯೇ ಹೇಳುತ್ತದೆ. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ದಿನಾ ಹೋಗಿ ಬರುವ ಮಾತೇ ಇಲ್ಲ, ಇಲ್ಲೇ ಉಳಿಯಬೇಕು. 2025–26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ರೋಗಿ ಮತ್ತು ಜೊತೆಯವರ 45 ದಿನದ ಕೂಲಿ ಹೋದರೆ 33,300 ರೂಪಾಯಿ. ಇದರ ಮೇಲೆ ಬಾಡಿಗೆ ಕೋಣೆ, ಇಬ್ಬರ ಊಟ, ಯೋಜನೆಯ ಮಂಜೂರಾತಿಗೆ ಮೊದಲೇ ಮಾಡಿಸಬೇಕಾದ ಸ್ಕ್ಯಾನು, ಬಯಾಪ್ಸಿ. ಕೈಯಲ್ಲಿ ಉಳಿತಾಯವಿಲ್ಲದವರು ನಾಲ್ಕನೇ ವಾರಕ್ಕೆ ಬರಿಗೈಯಾಗಿರುತ್ತಾರೆ. ಬಿಟ್ಟುಹೋಗುವವರು ಹೆಚ್ಚುವುದೂ ಆ ಹೊತ್ತಿಗೇ.

ಪ್ರಯಾಣದ ವಿಷಯದಲ್ಲಿ ಎರಡು ಸೌಲಭ್ಯಗಳಿದ್ದೂ ಪೂರ್ತಿ ದಕ್ಕುತ್ತಿಲ್ಲ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆದರೆ ಸ್ಲೀಪರ್ ಬಸ್ಸು ಅದರಲ್ಲಿ ಸೇರುವುದಿಲ್ಲ. ಹೊಟ್ಟೆಯ ಕೆಳಭಾಗಕ್ಕೆ ವಿಕಿರಣ ಪಡೆದು ಹತ್ತು ಸಲ ಭೇದಿಯಾಗುವ ಹೆಂಗಸು ರಾತ್ರಿಯಿಡೀ ಕೂತು ಪ್ರಯಾಣಿಸಬೇಕು. ಬಾಯಿ ಕ್ಯಾನ್ಸರ್ ಆದ ಗಂಡಸಿಗೆ ಈ ಯೋಜನೆ ಇಲ್ಲ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಎ.ಸಿ. ತ್ರಿ ಟೈರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಶೇ 75 ಇದೆ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಅದನ್ನು ರೈಲ್ವೆ ಕೌಂಟರಿನಲ್ಲಿ ಕೊಡಬೇಕು. ಬಹಳ ಕುಟುಂಬಗಳಿಗೆ ಇದು ತಿಳಿಯುವುದೇ ಚಿಕಿತ್ಸೆ ಮುಗಿಯುವ ಹೊತ್ತಿಗೆ. ದಾಖಲಾತಿಯ ದಿನವೇ, ಕೇಳದೆಯೇ, ಈ ಪ್ರಮಾಣಪತ್ರ ಫೈಲಿನಲ್ಲಿ ಸೇರಬೇಕು. ಸಾರಿಗೆ ಇಲಾಖೆಯ ಜೊತೆ ಕೂತು, ಚಿಕಿತ್ಸೆಯ ತಾರೀಕುಗಳಿರುವ ಕಾರ್ಡು ತೋರಿಸಿದರೆ ರೋಗಿಗೂ ಜೊತೆಗಿರುವ ಒಬ್ಬರಿಗೂ, ಗಂಡಸಿರಲಿ ಹೆಂಗಸಿರಲಿ, ಸ್ಲೀಪರ್ ಬಸ್ಸಿನಲ್ಲೂ ಉಚಿತ ಎಂಬ ಆದೇಶ ಹೊರಡಿಸಬೇಕು.

ರಕ್ತದ ಮಾತು ಯಾರೂ ಆಡುವುದಿಲ್ಲ. ತಿಂಗಳುಗಟ್ಟಲೆ ರಕ್ತಸ್ರಾವವಾಗಿ ಬಂದ ಹೆಂಗಸಿನ ಹಿಮೋಗ್ಲೋಬಿನ್ 6–7 ಇರುವುದು ಅಪರೂಪವಲ್ಲ. ರಕ್ತಹೀನತೆಯಲ್ಲಿ ಗೆಡ್ಡೆಗೆ ಆಮ್ಲಜನಕ ಕಡಿಮೆ, ಆಮ್ಲಜನಕ ಕಡಿಮೆಯಾದರೆ ವಿಕಿರಣದ ಕೆಲಸವೂ ಕಡಿಮೆ. ಕಿಮೊ ಕೂಡ ಮುಂದಕ್ಕೆ ಹೋಗುತ್ತದೆ. ರಕ್ತ ಕೊಡಿಸೋಣವೆಂದರೆ ಬದಲಿ ದಾನಿಯನ್ನು ಕರೆತನ್ನಿ ಎಂಬ ಉತ್ತರ ಬರುತ್ತದೆ. ಊರು ಬಿಟ್ಟು ಬಂದವರಿಗೆ ಬೆಂಗಳೂರಿನಲ್ಲಿ ದಾನಿ ಎಲ್ಲಿಂದ ಬರಬೇಕು? ಕ್ಯಾನ್ಸರ್ ರೋಗಿಗೆ ಬದಲಿ ದಾನಿ ಕೇಳಕೂಡದು ಎಂದು ರಕ್ತನಿಧಿಗಳಿಗೆ ಲಿಖಿತವಾಗಿ ತಿಳಿಸಿ.

ತಪ್ಪಿದ ಸಿಟ್ಟಿಂಗುಗಳನ್ನು ಸರಿದೂಗಿಸಲು ದಾರಿ ಇದೆ. ಶನಿವಾರ ಒಂದು ಸಿಟ್ಟಿಂಗ್ ಕೊಡಬಹುದು, ಅಥವಾ ಒಂದೇ ದಿನ ಕನಿಷ್ಠ 6 ಗಂಟೆಯ ಅಂತರದಲ್ಲಿ ಎರಡು ಕೊಡಬಹುದು. ಯಂತ್ರ ಕೆಟ್ಟಾಗ, ಸಾಲು ಸಾಲು ಹಬ್ಬದ ರಜೆ ಬಂದಾಗ ಗರ್ಭಕೊರಳು ಮತ್ತು ಬಾಯಿ–ಗಂಟಲಿನ ರೋಗಿಗಳಿಗೆ ಮೊದಲ ಪಾಳಿ ಕೊಡುವುದು ಸರಿಯಾದ ಪದ್ಧತಿ. ಇದಕ್ಕೆ ಶನಿವಾರದ ತಂತ್ರಜ್ಞರ ಪಾಳಿಗೂ ವಿಕಿರಣದ ಪ್ರಮಾಣ ಲೆಕ್ಕ ಹಾಕುವ ಭೌತವಿಜ್ಞಾನಿಯ ಸಮಯಕ್ಕೂ ಹಣ ಬೇಕು. ಸಣ್ಣ ಮೊತ್ತ, ಆದರೆ ಯಾವ ಬಜೆಟ್ ತಲೆಬರಹದಲ್ಲೂ ಅದು ಕಾಣುತ್ತಿಲ್ಲ.

ಬಾಯಿ ಕ್ಯಾನ್ಸರಿನದು ಇನ್ನೊಂದು ಬಗೆಯ ಸಂಕಟ. ಆಪರೇಷನ್ ಆದ 6 ವಾರದೊಳಗೆ ವಿಕಿರಣ ಶುರುವಾಗಬೇಕು. ಅದಕ್ಕೂ ಮೊದಲು ಹುಳುಕು ಹಲ್ಲು ಕೀಳಿಸಿ, ವಸಡು ಮಾಯಲು ಎರಡು ವಾರವಾದರೂ ಬೇಕು. ಇದಕ್ಕೆ ಆಪರೇಷನ್ನಿನ ಹೊತ್ತಿನಲ್ಲೇ ದಂತವೈದ್ಯರು ನೋಡಬೇಕು. ವಾಸ್ತವದಲ್ಲಿ ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೋದವರು ನಾಲ್ಕೈದು ವಾರ ಬಿಟ್ಟು ಬರುತ್ತಾರೆ, ಆಗ ಹಲ್ಲಿನ ವಿಷಯ ಎದ್ದು ಇನ್ನೆರಡು ವಾರ ಹೋಗುತ್ತದೆ. ವಿಕಿರಣ ಶುರುವಾದ ಮೂರನೇ ವಾರಕ್ಕೆ ಬಾಯಿ ಪೂರಾ ಹುಣ್ಣು. ನುಂಗಲಾಗದೆ ತೂಕ ಇಳಿದಂತೆ ತಲೆ ಅಲುಗದಂತೆ ಹಿಡಿಯಲು ಮುಖಕ್ಕೆ ಅಚ್ಚು ಹಾಕಿ ಮಾಡಿದ ಮಾಸ್ಕ್ ಸಡಿಲವಾಗುತ್ತದೆ, ಕಿರಣ ಬೀಳುವ ಜಾಗ ಮಿಲಿಮೀಟರುಗಳ ಲೆಕ್ಕದಲ್ಲಿ ಸರಿಯುತ್ತದೆ, ಮತ್ತೆ ಸ್ಕ್ಯಾನ್ ಮಾಡಿ ಪ್ಲಾನ್ ಬದಲಿಸಬೇಕಾಗುತ್ತದೆ. ಹಸಿವು ಇಲ್ಲಿ ನೇರವಾಗಿ ಚಿಕಿತ್ಸೆಯ ನಿಖರತೆಯನ್ನೇ ಕೆಡಿಸುತ್ತದೆ.

50 ಕೆ.ಜಿ. ತೂಕದವರಿಗೆ ಈ ಅವಧಿಯಲ್ಲಿ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್, ಸುಮಾರು 1,500 ಕ್ಯಾಲೊರಿ ಬೇಕು. ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು, 100 ಗ್ರಾಂ ಬೇಳೆಯಿಂದ ಸುಮಾರು 50 ಗ್ರಾಂ ಪ್ರೋಟೀನ್ ಆಗುತ್ತದೆ; ಉಳಿದದ್ದು ರಾಗಿ, ಕಡಲೆಕಾಯಿಯಿಂದ ಬರಬೇಕು. ರೇಷನ್ ಅಕ್ಕಿಯಿಂದ ಇದು ಆಗದು. ಇಂದಿರಾ ಕ್ಯಾಂಟೀನ್ ಹತ್ತಿರವಿದ್ದರೆ 10 ರೂಪಾಯಿ ಊಟ ಜೊತೆಗಿರುವವರ ಹೊಟ್ಟೆ ತುಂಬಿಸುತ್ತದೆ, ಆದರೆ ಬಾಯಿ ಹುಣ್ಣಾದವರು ಆ ಅನ್ನ ಸಾಂಬಾರ್ ನುಂಗಲಾರರು. ಮೂಗಿನ ನಳಿಕೆ ಹಾಕಿಸಿಕೊಂಡವರಿಗೆ ಎರಡು ಗಂಟೆಗೊಮ್ಮೆ 200 ಮಿ.ಲೀ.ನಷ್ಟು, ಬಟ್ಟೆಯಲ್ಲಿ ಸೋಸಿದ ತೆಳುಗಂಜಿ ಹೋಗಬೇಕು. ಸೋಸದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಪ್ರತಿ ಸಲ 30–50 ಮಿ.ಲೀ. ಬಿಸಿ ಆರಿದ ನೀರು ಬಿಟ್ಟು ತೊಳೆಯಬೇಕು, ಆಮೇಲೆ ಅರ್ಧ ಗಂಟೆ ಕೂತೇ ಇರಬೇಕು. ಇದಕ್ಕೆ ಬೇಕಾದದ್ದು ಒಲೆ, ಮಿಕ್ಸಿ ಮತ್ತು ಚೊಕ್ಕ ನೀರು. ಆಸ್ಪತ್ರೆಯ ಎದುರು ಫುಟ್‌ಪಾತಿನಲ್ಲಿ ಮಲಗುವವರ ಹತ್ತಿರ ಈ ಮೂರೂ ಇಲ್ಲ. ಧರ್ಮಶಾಲೆಗಳಲ್ಲಿ ಹಾಸಿಗೆಯ ಜೊತೆ ಸಾಮೂಹಿಕ ಅಡುಗೆಮನೆ ಇರಲೇಬೇಕೆಂದು ನಾವು ಒತ್ತಾಯಿಸುವುದು ಈ ಕಾರಣಕ್ಕೆ. ಆ ಅಡುಗೆಮನೆಗೆ ಒಬ್ಬ ಪಥ್ಯ ತಜ್ಞರನ್ನು ಕೊಡಿ.

ಕ್ಷಯರೋಗಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ ನೇರ ಖಾತೆಗೆ ಬರುತ್ತಿದೆ. ಪೋಷಣೆಯಿಲ್ಲದೆ ಔಷಧ ಕೆಲಸ ಮಾಡದು ಎಂದು ಅಲ್ಲಿ ಒಪ್ಪಿಕೊಂಡಿದ್ದೇವೆ. ಕ್ಯಾನ್ಸರ್ ಚಿಕಿತ್ಸೆ ನಡೆಯುವ ತಿಂಗಳುಗಳಿಗಾದರೂ ಅಂಥದೇ ಒಂದು ನೆರವನ್ನು ರಾಜ್ಯವೇ ಶುರು ಮಾಡಬಹುದು. ಅದನ್ನು ಪ್ರತಿ ವಾರ ಹಾಜರಾದ ಸಿಟ್ಟಿಂಗುಗಳ ಆಧಾರದಲ್ಲಿ ಹಾಕಿದರೆ, ನಾಲ್ಕನೇ ವಾರ ಕೈ ಬರಿದಾಗುವ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಚಿಕಿತ್ಸೆಯೆಲ್ಲ ಮುಗಿದ ಮೇಲೆ ಒಟ್ಟಿಗೆ ಕೊಟ್ಟರೆ ಪ್ರಯೋಜನವಿಲ್ಲ.

ಇನ್ನು ಜ್ವರ. ನಾವು ಅತ್ಯಂತ ಕಳವಳದಿಂದ ಬರೆಯುತ್ತಿರುವ ಭಾಗ ಇದು. ಕಿಮೊ ಕೊಟ್ಟ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿಯುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೂ ತುರ್ತುಸ್ಥಿತಿಯೇ, ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಹೋಗಬೇಕು. ಈ ದಿನಗಳಲ್ಲಿ ರೋಗಿ ಇರುವುದು ಊರಿನಲ್ಲಿ. ಮನೆಯಲ್ಲಿ ಥರ್ಮಾಮೀಟರ್ ಇಲ್ಲ. ಮೈ ಬಿಸಿ ಅನ್ನಿಸಿದರೆ ಪ್ಯಾರಸಿಟಮಾಲ್ ನುಂಗಿ ಮಲಗುತ್ತಾರೆ, ಜ್ವರ ಇಳಿದಂತೆ ಕಂಡು ಸೋಂಕು ಒಳಗೇ ಏರುತ್ತದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಸೊಂಟಕ್ಕೊಂದು ಇಂಜೆಕ್ಷನ್ ಹಾಕಿಸಿಕೊಂಡರೆ, ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್ ಕಡಿಮೆ ಇರುವುದರಿಂದ ಅಲ್ಲೇ ರಕ್ತ ಸೋರಿ ಗಂಟಾಗಿ ಕೀವಾಗಬಹುದು. ಎರಡು ದಿನ ಬಿಟ್ಟು ಕ್ಯಾನ್ಸರ್ ಆಸ್ಪತ್ರೆ ತಲುಪುವ ಹೊತ್ತಿಗೆ ರಕ್ತದೊತ್ತಡ ಬಿದ್ದಿರುತ್ತದೆ. ಕ್ಯಾನ್ಸರಿನಿಂದಲ್ಲ, ಜ್ವರಕ್ಕೆ ತಡವಾಗಿದ್ದರಿಂದ ಸಾಯುವವರು ಇವರು.

ಇದನ್ನು ತಪ್ಪಿಸಲು ಬೇಕಾದ್ದು ಬಹಳ ಕಡಿಮೆ. ಕಿಮೊ ಶುರುವಾಗುವ ದಿನ ಪ್ರತಿ ರೋಗಿಗೂ ಒಂದು ಡಿಜಿಟಲ್ ಥರ್ಮಾಮೀಟರ್, ಅದನ್ನು ನೋಡುವುದು ಹೇಗೆಂದು ಜೊತೆಯವರಿಗೆ ಕಲಿಸುವುದು. ಹಳದಿಯೋ ಕೆಂಪೋ, ಎದ್ದು ಕಾಣುವ ಒಂದು ಕಾರ್ಡು. ಅದರಲ್ಲಿ ಕನ್ನಡದಲ್ಲೂ ವೈದ್ಯರಿಗಾಗಿ ಇಂಗ್ಲಿಷಿನಲ್ಲೂ: ಯಾವ ಕಿಮೊ, ಯಾವ ದಿನ, ಮಾಂಸಕ್ಕೆ ಇಂಜೆಕ್ಷನ್ ಬೇಡ, ರಕ್ತ ಕಲ್ಚರ್‌ಗೆ (ಸೋಂಕಿನ ಪರೀಕ್ಷೆಗೆ) ರಕ್ತ ತೆಗೆದು ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ಕೊಟ್ಟೇ 108ರಲ್ಲಿ ಕಳಿಸಿ, ಕರೆ ಮಾಡಬೇಕಾದ ಸಂಖ್ಯೆ ಇದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಸೆಫೆಪೈಮ್ ಅಥವಾ ಪಿಪರಾಸಿಲಿನ್–ಟ್ಯಾಜೊಬ್ಯಾಕ್ಟಮ್ ಎಂಬ ಆ್ಯಂಟಿಬಯೋಟಿಕ್ ಸದಾ ದಾಸ್ತಾನಿರಲಿ. ಅಲ್ಲಿನ ರಾತ್ರಿ ಪಾಳಿಯ ವೈದ್ಯರು ‘ಕ್ಯಾನ್ಸರ್ ಪೇಷೆಂಟ್, ನಾವು ಮುಟ್ಟುವುದಿಲ್ಲ’ ಎನ್ನದಂತೆ ಲಿಖಿತ ಕಾರ್ಯವಿಧಾನ ಬೇಕು. ಕಳಚಿಬಿದ್ದ ಮೂಗಿನ ನಳಿಕೆಯನ್ನು ಮತ್ತೆ ಹಾಕಿಕೊಡುವುದನ್ನೂ ಅದರಲ್ಲೇ ಸೇರಿಸಿ. ಈ ಒಂದು ಕೆಲಸಕ್ಕಾಗಿ ಎರಡು ದಿನ ಉಪವಾಸ ಬಿದ್ದು ಬೆಂಗಳೂರಿಗೆ ಬಸ್ಸು ಹತ್ತುವ ಪಾಡು ಯಾರಿಗೂ ಬರಬಾರದು.

ಡೇ ಕೇರ್ ಕಿಮೊ ಜಿಲ್ಲಾ ಆಸ್ಪತ್ರೆಗಳಿಗೆ ಬರುತ್ತಿರುವುದು ನಿಜಕ್ಕೂ ದೊಡ್ಡ ಹೆಜ್ಜೆ. ಕೇಂದ್ರವೂ 2025–26ರ ಬಜೆಟ್ಟಿನಲ್ಲಿ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರಗಳನ್ನು ತೆರೆಯುವುದಾಗಿ ಹೇಳಿದೆ. ಒಂದು ಎಚ್ಚರಿಕೆಯ ಮಾತು: ಹಾಸಿಗೆ, ಡ್ರಿಪ್ ಸ್ಟ್ಯಾಂಡ್ ಇಟ್ಟ ಮಾತ್ರಕ್ಕೆ ಅದು ಕಿಮೊ ಕೇಂದ್ರವಾಗದು. ಔಷಧ ಬೆರೆಸಲು, ಅದು ಸಿಬ್ಬಂದಿಗೆ ತಾಗದಂತೆ ತಡೆಯುವ ಬಯೋಸೇಫ್ಟಿ ಕ್ಯಾಬಿನೆಟ್ ಬೇಕು. ಡಾಕ್ಸೊರುಬಿಸಿನ್‌ನಂಥ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಕೊಳೆಯುತ್ತದೆ, ಅದನ್ನು ತಕ್ಷಣ ಗುರುತಿಸುವ ತರಬೇತಿ ನರ್ಸುಗಳಿಗೆ ಬೇಕು. ತರಬೇತಿ ಪಡೆದವರನ್ನು ಆರು ತಿಂಗಳಿಗೆ ಹೆರಿಗೆ ವಾರ್ಡಿಗೆ ವರ್ಗ ಮಾಡಿದರೆ ಎಲ್ಲ ನೀರುಪಾಲು. ರಕ್ತಪರೀಕ್ಷೆಯನ್ನು ಹಿಂದಿನ ದಿನವೇ ತಾಲ್ಲೂಕಿನಲ್ಲಿ ಮಾಡಿಸಿ ವರದಿಯನ್ನು ಫೋನಿನಲ್ಲಿ ತರಿಸಿಕೊಂಡರೆ, ‘ಕೌಂಟ್ ಕಡಿಮೆ, ಮುಂದಿನ ವಾರ ಬನ್ನಿ’ ಎಂದು ನೂರು ಕಿ.ಮೀ. ದೂರದವರನ್ನು ವಾಪಸು ಕಳಿಸುವುದು ತಪ್ಪುತ್ತದೆ.

ಎಷ್ಟೋ ಸಲ ಕೆಡುಕು ಕ್ಯಾನ್ಸರ್ ಆಸ್ಪತ್ರೆಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಬಿಳಿಸೆರಗು, ಅಕಾಲ ರಕ್ತಸ್ರಾವ ಎಂದು ಹೋದವರಿಗೆ ಗರ್ಭಕೊರಳನ್ನು ಪರೀಕ್ಷಿಸದೆ ಗರ್ಭಕೋಶ ತೆಗೆದುಬಿಡುತ್ತಾರೆ. ಒಳಗೆ ಕ್ಯಾನ್ಸರ್ ಇದ್ದರೆ ಕಾಯಿಲೆಯ ಒಂದು ಪಾಲು ಉಳಿದು, ಆಮೇಲಿನ ಬ್ರೇಕಿಥೆರಪಿಗೆ ಉಪಕರಣ ಕೂರಿಸಲು ಗರ್ಭಕೋಶವೇ ಇರುವುದಿಲ್ಲ. ಎದೆಯ ಗಂಟನ್ನು ಕೊಯ್ದು, ಸಂಬಂಧಿಕರಿಗೆ ತೋರಿಸಿ, ಎಸೆಯುವುದೂ ನಡೆದಿದೆ. ಪರೀಕ್ಷೆಗೆ ಕಳಿಸಿದರೂ ಸಲೈನ್‌ನಲ್ಲಿ ಹಾಕಿಟ್ಟ ತುಂಡು ಕೊಳೆತು, ಯಾವ ಔಷಧ ಹೊಂದುತ್ತದೆಂದು ತಿಳಿಸುವ ಇಆರ್, ಪಿಆರ್, ಹರ್–2 ಪರೀಕ್ಷೆಗೆ ಬಾರದಂತಾಗುತ್ತದೆ. ಶೇ 10ರ ಬಫರ್ಡ್ ಫಾರ್ಮಲಿನ್, ತುಂಡಿನ ಹತ್ತುಪಟ್ಟು ಪ್ರಮಾಣದಲ್ಲಿ, 6ರಿಂದ 72 ಗಂಟೆ: ಇಷ್ಟನ್ನು ಪ್ರತಿ ಆಪರೇಷನ್ ಥಿಯೇಟರಿನ ಗೋಡೆಗೆ ಅಂಟಿಸಬಹುದು. ಬಯಾಪ್ಸಿಯ ಮೇಣದ ಬ್ಲಾಕ್ (ತೆಗೆದ ತುಂಡನ್ನು ಮೇಣದಲ್ಲಿ ಕೂರಿಸಿಟ್ಟದ್ದು) ರೋಗಿಯದು, ಕೇಳಿದಾಗ ಕೊಡಬೇಕು. ಬ್ಲಾಕ್ ಸಿಗದೆ ಮತ್ತೆ ಬಯಾಪ್ಸಿ ಮಾಡಿಸಿ, ವರದಿಗೆ ಕಾಯುವುದರಲ್ಲಿ ಹೋಗುವ ಮೂರು ವಾರ ಸಣ್ಣದಲ್ಲ. 2020ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ ಶಸ್ತ್ರಚಿಕಿತ್ಸೆ ಪ್ರತಿ ನಾಲ್ಕು ವಾರ ತಡವಾದಂತೆ ಸಾವಿನ ಅಪಾಯ ಶೇ 6ರಿಂದ 8ರಷ್ಟು ಏರುತ್ತದೆ.

ಸ್ತನ ಕ್ಯಾನ್ಸರಿನಲ್ಲಿ ಸ್ತನ ಉಳಿಸಿಕೊಳ್ಳಬಹುದಾದ ಎಷ್ಟೋ ಹೆಂಗಸರು ಪೂರ್ತಿ ತೆಗೆಸಿಕೊಳ್ಳುತ್ತಾರೆ. ಉಳಿಸಿಕೊಂಡರೆ ವಿಕಿರಣ ಕಡ್ಡಾಯ, ಅಷ್ಟು ವಾರ ಮನೆ ಬಿಟ್ಟಿರಲಾಗದು ಎಂಬುದು ಕಾರಣ. ಹಿಂದೆ ಐದು ವಾರವಿದ್ದದ್ದು ಈಗ ಬಹುತೇಕರಿಗೆ 15 ಸಿಟ್ಟಿಂಗ್, ಮೂರು ವಾರದಲ್ಲಿ ಮುಗಿಯುತ್ತದೆ. ಕೆಲವರಿಗೆ ಐದೇ ಸಿಟ್ಟಿಂಗ್ ಸಾಕು. ಪ್ಯಾಕೇಜ್ ದರ ಸಿಟ್ಟಿಂಗಿನ ಎಣಿಕೆಗೆ ಅಂಟಿಕೊಂಡು ಕಡಿಮೆ ದಿನದ ಚಿಕಿತ್ಸೆಗೆ ನಷ್ಟವಾಗುವಂತೆ ಎಲ್ಲೂ ಇರಬಾರದು, ದಯವಿಟ್ಟು ಪರಿಶೀಲಿಸಿ. ಆಮೇಲೆ, ಹಾರ್ಮೋನಿಗೆ ಸ್ಪಂದಿಸುವ ಬಗೆಯ ಸ್ತನ ಕ್ಯಾನ್ಸರಿನಲ್ಲಿ ಹಲವರು ಐದು ವರ್ಷ ದಿನಾ ನುಂಗಬೇಕಾದ ಟ್ಯಾಮೊಕ್ಸಿಫೆನ್ 20 ಮಿ.ಗ್ರಾಂ. ಅಗ್ಗದ ಮಾತ್ರೆ, ಅದಕ್ಕಾಗಿ ತಿಂಗಳಿಗೊಮ್ಮೆ ಬೆಂಗಳೂರಿಗೆ ಬರಬೇಕಾಗಿರುವುದು ಅನ್ಯಾಯ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ಮಾತ್ರೆಯ ಜೊತೆ ಇದೂ ಸಿಗಲಿ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ರಕ್ತ ಕ್ಯಾನ್ಸರಿಗೆ ಚಿಕಿತ್ಸೆ ಸುಮಾರು ಎರಡೂವರೆ ವರ್ಷ. ಮೊದಲ ತಿಂಗಳಲ್ಲೇ ಮಗು ಆಡಿಕೊಂಡಿರುತ್ತದೆ, ತಂದೆ ಕೆಲಸ ಕಳೆದುಕೊಂಡಿರುತ್ತಾನೆ, ಮನೆಯ ಇತರ ಮಕ್ಕಳು ಅಜ್ಜಿಯ ಪಾಲಾಗಿರುತ್ತಾರೆ. ಸತತ ನಾಲ್ಕು ವಾರ ಬರದಿದ್ದರೆ ಚಿಕಿತ್ಸೆ ಕೈಬಿಟ್ಟಂತೆ ಎಂಬುದು ಅಂತರರಾಷ್ಟ್ರೀಯ ವ್ಯಾಖ್ಯಾನ. ನಾಲ್ಕು ವಾರ ಕಾಯುವುದೇಕೆ? ಒಂದು ತಾರೀಕು ತಪ್ಪಿದ ಮೂರನೇ ದಿನವೇ ಆಶಾ ಕಾರ್ಯಕರ್ತೆಗೆ ಸಂದೇಶ ಹೋಗಬೇಕು.

ನೋವಿನ ವಿಷಯ. 2014ರಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಗೆ ತಿದ್ದುಪಡಿಯಾಗಿ, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಪಡೆಯುವುದು ಸರಳವಾಯಿತು. ಮಾನ್ಯತೆ ಪಡೆದ ಆಸ್ಪತ್ರೆ ಅದನ್ನು ಇಟ್ಟುಕೊಳ್ಳಬಹುದು. ಆದರೂ ಬಹುತೇಕ ತಾಲ್ಲೂಕುಗಳಲ್ಲಿ ಸಿಗದು. ನಾಲ್ಕು ಗಂಟೆಗೊಮ್ಮೆ ತೆಗೆದುಕೊಳ್ಳುವ 10 ಮಿ.ಗ್ರಾಂ. ಮಾತ್ರೆ, ಜೊತೆಗೊಂದು ಮಲಬದ್ಧತೆಯ ಔಷಧ, ಲೆಕ್ಕ ಇಡುವ ರಿಜಿಸ್ಟರ್, ತರಬೇತಿಯಾದ ಒಬ್ಬ ವೈದ್ಯರು ಸಾಕು. ಗುಣವಾಗದ ಹಂತ ತಲುಪಿದವರು ನೋವಿನ ಮಾತ್ರೆಗಾಗಿ ರಾತ್ರಿ ಬಸ್ಸಿನಲ್ಲಿ ಬರುವುದನ್ನು ನಿಲ್ಲಿಸಬಹುದು.

ಕಾಗದಪತ್ರದ ಬಗ್ಗೆ ಎರಡೇ ಮಾತು. ಮದುವೆಯಾಗಿ ಬಂದವಳ ಹೆಸರು ತವರಿನ ರೇಷನ್ ಕಾರ್ಡಿನಿಂದ ತೆಗೆದಿರುತ್ತಾರೆ, ಗಂಡನ ಕಾರ್ಡಿಗೆ ಸೇರಿರುವುದಿಲ್ಲ. ಆಧಾರ್ ಮತ್ತು ಅತ್ತೆಯ ಮನೆಯ ಕಾರ್ಡು ತೋರಿಸಿದರೆ ತಾತ್ಕಾಲಿಕವಾಗಿ ಒಪ್ಪುವ ಅಧಿಕಾರವನ್ನು ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರಿಗೆ ಕೊಡಿ. ಮತ್ತೊಂದು, ಚಿಕಿತ್ಸೆಯ ನಡುವೆ ಬಿಪಿಎಲ್ ಕಾರ್ಡು ಎಪಿಎಲ್‌ಗೆ ಬದಲಾದರೆ ಸೌಲಭ್ಯ ಶೇ 30ಕ್ಕೆ ಇಳಿಯುತ್ತದೆ. ಬಯಾಪ್ಸಿ ವರದಿಯ ದಿನ ಯಾವ ಕಾರ್ಡಿತ್ತೋ ಅದೇ ಚಿಕಿತ್ಸೆ ಮುಗಿಯುವವರೆಗೆ ಊರ್ಜಿತ ಎಂದು ಆದೇಶಿಸಿ. ಬಾಹ್ಯ ವಿಕಿರಣ, ಬ್ರೇಕಿಥೆರಪಿ, ಕಿಮೊ ಬೇರೆ ಬೇರೆ ಪ್ಯಾಕೇಜ್‌ಗಳಾಗಿರುವಲ್ಲಿ, ಟ್ಯೂಮರ್ ಬೋರ್ಡ್ (ಚಿಕಿತ್ಸೆ ನಿರ್ಧರಿಸುವ ತಜ್ಞ ವೈದ್ಯರ ಮಂಡಳಿ) ಒಪ್ಪಿದ ಇಡೀ ಚಿಕಿತ್ಸಾ ಯೋಜನೆಗೆ ಮೊದಲ ದಿನವೇ ಒಂದೇ ಅನುಮತಿ ಸಾಕು.

ಇಷ್ಟನ್ನು ಹಿಡಿದು ನಡೆಸಲು ಜನ ಬೇಕು. ವರ್ಷಕ್ಕೆ 300 ಹೊಸ ರೋಗಿಗಳಿಗೆ ಒಬ್ಬರಂತೆ ಸಂಯೋಜಕರನ್ನು ನೇಮಿಸಿ. ನರ್ಸ್ ಆಗಿರಬಹುದು, ಸಮಾಜ ಕಾರ್ಯಕರ್ತರಾಗಿರಬಹುದು, ಆದರೆ ಲಂಬಾಣಿ, ಉರ್ದು, ತೆಲುಗು ಬಲ್ಲವರು ತಂಡದಲ್ಲಿರಲಿ. ಮೊದಲ ದಿನವೇ ಅವರು ಕೇಳಬೇಕಾದದ್ದು: ಎಲ್ಲಿ ಉಳಿಯುತ್ತೀರಿ, ಜೊತೆಗೆ ಯಾರಿರುತ್ತಾರೆ, ಮನೆಯಲ್ಲಿ ಮಕ್ಕಳನ್ನು ನೋಡುವವರು ಯಾರು, ಸಾಲ ಎಷ್ಟು, ಫೋನ್ ಯಾರದು, ಮನೆಯಲ್ಲಿ ತೀರ್ಮಾನ ಹೇಳುವವರು ಯಾರು. ಕೊನೆಯ ಪ್ರಶ್ನೆ ಮುಖ್ಯ. ರೋಗಿಗೆ ಕಾಯಿಲೆಯ ಹೆಸರನ್ನೇ ಹೇಳದೆ ಕರೆತರುವ ಕುಟುಂಬಗಳಿವೆ. ಹೆಸರೇ ಗೊತ್ತಿಲ್ಲದವರಿಗೆ 8 ವಾರ ಏಕಿರಬೇಕೆಂದು ಅರ್ಥವಾಗುವುದು ಹೇಗೆ?

ಲೆಕ್ಕದ ವಿಷಯಕ್ಕೆ ಬಂದರೆ, ಪ್ರತಿ ರೋಗಿಗೆ ಐದು ತಾರೀಕು ಸಾಕು: ಬಯಾಪ್ಸಿ ತೆಗೆದದ್ದು, ವರದಿ ಬಂದದ್ದು, ಮಂಜೂರಾದದ್ದು, ಚಿಕಿತ್ಸೆ ಶುರುವಾದದ್ದು, ಮುಗಿದದ್ದು. ಜೊತೆಗೆ ಜಿಲ್ಲೆ, ಲಿಂಗ, ಕಾರ್ಡಿನ ಬಗೆ. ಹೆಸರುಗಳಿಲ್ಲದೆ ಮೂರು ತಿಂಗಳಿಗೊಮ್ಮೆ ಜಿಲ್ಲಾವಾರು ಪ್ರಕಟಿಸಿ. ಆದರೆ ಚಿಕಿತ್ಸೆ ಮುಗಿಯದ ರೋಗಿಗಳ ಹೆಸರಿನಲ್ಲಿ ಆಸ್ಪತ್ರೆಗಳ ಹಣ ಕಡಿತ ಮಾಡಬೇಡಿ. ಹಾಗೆ ಮಾಡಿದರೆ ಬಿಟ್ಟುಹೋಗುವ ಸಾಧ್ಯತೆ ಇರುವ ದೂರದವರನ್ನು, ಒಂಟಿ ಹೆಂಗಸರನ್ನು, ಬಡವರನ್ನು ಆಸ್ಪತ್ರೆಗಳು ಬಾಗಿಲಲ್ಲೇ ತಡೆಯುತ್ತವೆ. ಬಿಟ್ಟುಹೋದವರು ಹೆಚ್ಚಿರುವ ಜಿಲ್ಲೆಗೆ ಹೆಚ್ಚು ಸಂಯೋಜಕರು, ಹೆಚ್ಚು ಹಾಸಿಗೆಯ ಧರ್ಮಶಾಲೆ ಸಿಗುವಂತಾಗಲಿ. ಅವಧಿ ಖಚಿತವಾಗಿ ಗೊತ್ತಿರುವ ಗರ್ಭಕೊರಳು ಮತ್ತು ಬಾಯಿ ಕ್ಯಾನ್ಸರುಗಳಿಂದ, ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಇದನ್ನು ಆರಂಭಿಸಬಹುದು. ನಮೂನೆ ತಯಾರಿಸುವ ಕೆಲಸಕ್ಕೆ ಕರೆದರೆ ನಾವು ಬರುತ್ತೇವೆ.

ವಂದನೆಗಳೊಂದಿಗೆ,

ಕ್ಯಾನ್ಸರ್ ಆರೈಕೆಯಲ್ಲಿರುವ ನರ್ಸುಗಳು, ವಿಕಿರಣ ಚಿಕಿತ್ಸಾ ತಂತ್ರಜ್ಞರು ಮತ್ತು ವೈದ್ಯಕೀಯ ಸಮಾಜ ಕಾರ್ಯಕರ್ತರು